ಅತ್ತೆಯ ಬಾಯಿಪಾಠ

ನನ್ನ ಹತ್ತಿರ ಟ್ಯೂಷನ್‌ಗೆ ಬಂದವರು ಯಾರೂ ಫೇಲಾಗುವುದಿಲ್ಲ. ಇದನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದ ಕಾಲ ಒಂದಿತ್ತು. ಈಗ ಸುಸ್ತಿನಿಂದ ಹೇಳುತ್ತೇನೆ. ಕಲ್ಲನ್ನು ತಂದು ಕೂರಿಸಿದರೂ ಪಾಸು ಮಾಡಿಸುತ್ತಾಳೆ ಎಂದು ಬೀದಿಯವರು ಆಡಿಕೊಳ್ಳುವುದುಂಟು. ಇದರಲ್ಲಿ ದೊಡ್ಡ ಗುಟ್ಟೇನೂ ಇಲ್ಲ. ಹಳೆಯ ಪ್ರಶ್ನೆಪತ್ರಿಕೆಗಳನ್ನು ಗುಡ್ಡೆ ಹಾಕಿಕೊಂಡು, ಯಾವುದು ಮತ್ತೆ ಮತ್ತೆ ಬರುತ್ತದೆ ಎಂದು ನೋಡಿ, ಅದನ್ನೇ ಮಕ್ಕಳ ಬಾಯಿಗೆ ಅರೆದು ಹಾಕುವುದು. ಗಣಿತ ಬರುತ್ತದೋ ಬಿಡುತ್ತದೋ, ಮಾರ್ಕ್ಸ್ ಬರುತ್ತದೆ.

ಇದೇ ವಿದ್ಯೆಯನ್ನು ಅತ್ತೆಯ ಮೇಲೂ ಪ್ರಯೋಗಿಸಿದ್ದು ನನ್ನ ಬುದ್ಧಿಗೇಡಿತನ. ಅತ್ತೆ ಹೆಡ್‌ಮಿಸ್ಟ್ರೆಸ್ ಆಗಿ ನಿವೃತ್ತರಾದವರು. ಬೀದಿಯಲ್ಲಿ ಇವತ್ತಿಗೂ ಅವರು ದೊಡ್ಡ ಟೀಚರ್, ನಾನು ಸಣ್ಣ ಟೀಚರ್. ಪರೀಕ್ಷೆಯ ದಿನ ಅವರು ಕೋಣೆಗೆ ಕಾಲಿಟ್ಟರೆ ಮಕ್ಕಳು ಕೆಮ್ಮಲೂ ಹೆದರುತ್ತಿದ್ದರಂತೆ. ಹೊಟ್ಟೆಯಲ್ಲಿ ಹುಟ್ಟಿದ ಮಗ, ಅಂದರೆ ನನ್ನ ಗಂಡ, ಅಂಗಿಯ ತೋಳಿನೊಳಗೆ ಚೀಟಿ ಇಟ್ಟುಕೊಂಡಿದ್ದಾಗ ಅದನ್ನು ತಾವೇ ಎಳೆದು ತೆಗೆದು, ಉತ್ತರಪತ್ರಿಕೆಗೆ ಅಡ್ಡಗೆರೆ ಹೊಡೆದು, ಹೊರಗೆ ಕಳಿಸಿದವರು. ಮಗ ಒಂದು ವರ್ಷ ಮನೆಯಲ್ಲಿ ಕೂತ. ತಾಯಿ ಅವನಿಗೆ ಎಂದಿನಂತೆ ಊಟ ಬಡಿಸಿದರು, ಮಾತು ಮಾತ್ರ ಆಡಲಿಲ್ಲ. ಟ್ಯೂಷನ್ ಎಂದರೆ ಅವರಿಗೆ ಮೊದಲಿಂದಲೂ ಅಷ್ಟಕ್ಕಷ್ಟೆ. ನಾನು ಮದುವೆಯಾಗಿ ಬಂದ ಹೊಸದರಲ್ಲಿ ನನ್ನ ಪಾಠವನ್ನು ಬಾಗಿಲ ಮರೆಯಿಂದ ಕೇಳಿ, "ಇದೂ ಒಂಥರಾ ಕಾಪಿ ಹೊಡೆಯೋದೇ ಕಣೆ, ಮುಂಚಿತವಾಗಿ ಹೊಡೆಯೋದು ಅಷ್ಟೆ" ಎಂದಿದ್ದರು. ಆಮೇಲೆ ಕೆಲವು ದಿನ ಅಡುಗೆಮನೆಯಲ್ಲಿ ಪಾತ್ರೆಗಳಷ್ಟೇ ಮಾತಾಡಿಕೊಂಡವು.

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅನ್ನುತ್ತಾರೆ. ನನ್ನ ಕಾಲ ಬರುವ ಹೊತ್ತಿಗೆ ಅವರ ಮರೆವೂ ಜೊತೆಗೇ ಬಂತು. ಮೊದಲು ಸಕ್ಕರೆ ಡಬ್ಬಿಗೆ ಉಪ್ಪು ಬಿತ್ತು. ಅದಕ್ಕೆ ನಕ್ಕೆವು. ಆಮೇಲೆ ಒಂದು ಮಧ್ಯಾಹ್ನ ಅತ್ತೆ ಮೆಟ್ಟಿಲು ಹತ್ತುತ್ತಾ ನಮ್ಮ ಮಹಡಿಯನ್ನು ದಾಟಿ ಮೇಲಿನ ಮಹಡಿಗೆ ಹೋಗಿ, ಬಾಗಿಲು ತೆರೆದ ಹೆಂಗಸನ್ನು "ನಮ್ಮನೇಲಿ ನಿನಗೇನು ಕೆಲಸ" ಎಂದು ಗದರಿಸಿ, ಅವರ ಸೋಫಾದ ಮೇಲೆ ಕೂತುಬಿಟ್ಟರು. ಅದಕ್ಕೆ ಯಾರಿಗೂ ನಗು ಬರಲಿಲ್ಲ.

ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಡಾಕ್ಟರಮ್ಮ ನನಗಿಂತ ಚಿಕ್ಕವರು, ಮಾತು ಮೆತ್ತಗೆ. ಮೇಜಿನ ಮೇಲೆ ಒಂದು ಹಾಳೆ ಇಟ್ಟುಕೊಂಡು ಅತ್ತೆಗೆ ಒಂದಿಷ್ಟು ಪ್ರಶ್ನೆ ಕೇಳಿದರು. ಐದು ಪದ ಹೇಳಿ, ಸ್ವಲ್ಪ ಹೊತ್ತಾದ ಮೇಲೆ ವಾಪಸ್ ಕೇಳಿದರು. ನೂರರಿಂದ ಏಳೇಳು ಕಳೆಯುತ್ತಾ ಬನ್ನಿ ಅಂದರು. ನೆನಪಿಗೆ ಬಂದಷ್ಟು ಪ್ರಾಣಿಗಳ ಹೆಸರು ಹೇಳಿಸಿ, ಮೂರೂಕಾಲು ತೋರಿಸುವ ಗಡಿಯಾರ ಬರೆಸಿದರು. ಅತ್ತೆ ಕಷ್ಟಪಟ್ಟರು, ಜಸ್ಟ್ ಪಾಸಾದರು. ಶುರುವಿನ ಹಂತ, ಮೆದುಳಿಗೆ ಕೆಲಸ ಕೊಡುತ್ತಾ ಇದ್ದರೆ ನೆನಪು ಇಳಿಯುವುದು ನಿಧಾನವಾಗಬಹುದು, ಪೇಪರ್ ಓದಿಸಿ ಕಥೆ ಹೇಳಿಸಿ, ಹೊಸ ಹಾಡು ಕಲಿಸಿ, ಇಸ್ಪೀಟು ಆಡಿ, ದಿನಾ ಹೊಸ ಹೊಸದು ಮಾಡಿಸಿ ಎಂದು ಡಾಕ್ಟರಮ್ಮ ಹೇಳುತ್ತಲೇ ಇದ್ದರು. ನಾನು ತಲೆ ಆಡಿಸುತ್ತಿದ್ದೆ. ನನ್ನ ಕಣ್ಣು ಮಾತ್ರ ಅವರ ಕೈಯಲ್ಲಿದ್ದ ಹಾಳೆಯ ಮೇಲಿತ್ತು. ಮುಂದಿನ ಸಲವೂ ಇದನ್ನೇ ಕೇಳುತ್ತೀರಾ ಎಂದು ವಿಚಾರಿಸಿದೆ. ಇದೇ ರೀತಿ ಇರುತ್ತದೆ ಎಂದರು. ಅಭ್ಯಾಸಬಲ ನೋಡಿ, ಸಿಲಬಸ್ ಸಿಕ್ಕಿತು ಅಂತ ಖುಷಿಯಾಯಿತು ನನಗೆ.

ಮನೆಗೆ ಬಂದವಳೇ ಪಾಠ ಶುರು ಮಾಡಿದೆ. ಟ್ಯೂಷನ್ ಮಕ್ಕಳು ಬರುವುದಕ್ಕೆ ಮುಂಚೆ, ಅದೇ ಮೇಜು, ಅದೇ ಕುರ್ಚಿ. ಕೊಡೆ, ನಿಂಬೆ, ಏಣಿ, ಕುದುರೆ, ನೀಲಿ. ಮತ್ತೆ ಹೇಳಿ ಅತ್ತೆ. ಕೊಡೆ, ನಿಂಬೆ, ಏಣಿ. ಆಮೇಲೆ? ಏಣಿ ಹತ್ತಿದವನು ಏನು ನೋಡಿದ? ಕುದುರೆ ನೋಡಿದ. ಯಾವ ಬಣ್ಣ? ನೀಲಿ. ಶಭಾಷ್. ನೂರರಿಂದ ಏಳು ಕಳೆಯುವುದನ್ನು ಕಳೆಯುವ ಗೋಜೇ ಇಲ್ಲದೆ ಮಗ್ಗಿ ಮಾಡಿಕೊಟ್ಟೆ. ತೊಂಬತ್ತಮೂರು, ಎಂಬತ್ತಾರು, ಎಪ್ಪತ್ತೊಂಬತ್ತು, ಎಪ್ಪತ್ತೆರಡು, ಅರವತ್ತೈದು. ಅತ್ತೆ ಸ್ನಾನ ಮಾಡುವಾಗಲೂ ಅದನ್ನು ರಾಗವಾಗಿ ಹೇಳಿಕೊಳ್ಳುತ್ತಿದ್ದರು. ಪ್ರಾಣಿಗಳ ಹೆಸರು ಕೇಳುತ್ತಾರಲ್ಲ, ಅವನ್ನು ಅಕ್ಷರಮಾಲೆಯಂತೆ ಜೋಡಿಸಿದೆ: ಆನೆ, ಇಲಿ, ಎತ್ತು, ಎಮ್ಮೆ, ಒಂಟೆ, ಕತ್ತೆ, ಕರಡಿ. ಗಡಿಯಾರವನ್ನು ಎಷ್ಟು ಸಲ ಬರೆಸಿದೆನೆಂದರೆ ಮೂರೂಕಾಲು ಬಿಟ್ಟು ಬೇರೆ ಸಮಯವೇ ನಮ್ಮ ಮನೆಯಲ್ಲಿ ಉಳಿಯಲಿಲ್ಲ.

ಒಂದು ಮಾತು ಹೇಳಬೇಕು. ಅತ್ತೆಗೆ ಆ ಹೊತ್ತು ಇಷ್ಟವಾಗುತ್ತಿತ್ತು. ಉಳಿದ ಹೊತ್ತೆಲ್ಲ ಮನೆಯೊಳಗೆ ಏನನ್ನೋ ಹುಡುಕುತ್ತಾ ಓಡಾಡುವವರು, ಪಾಠಕ್ಕೆ ಕೂತರೆ ಬೆನ್ನು ನೆಟ್ಟಗಾಗುತ್ತಿತ್ತು. ಮೇಜು, ಹಾಳೆ, ಪೆನ್ಸಿಲ್ಲು ಇದ್ದರೆ ತಾವು ಎಲ್ಲಿದ್ದೇವೆ ಎಂಬುದು ಅವರಿಗೆ ಗೊತ್ತಿರುತ್ತಿತ್ತು. ನನಗೋ, ಬೆಳಿಗ್ಗೆಯಿಂದ ಅವರ ಹಿಂದೆ, ಸಂಜೆ ಮಕ್ಕಳ ಮುಂದೆ, ಗಂಟಲು ಒಂದೇ. ಹಿಂದಿನ ದಿನ ಹೇಳಿದ್ದನ್ನೇ ಇವತ್ತೂ ಹೇಳಿ, ಇವತ್ತು ಹೇಳಿದ್ದನ್ನೇ ನಾಳೆಯೂ ಹೇಳಿ, ಗಾಣದೆತ್ತಾಗಿದ್ದೆ. ನನ್ನ ಗಂಡನದು ಲಿಫ್ಟ್ ರಿಪೇರಿ ಕೆಲಸ. ಊರಿನ ಯಾವ ಕಟ್ಟಡದಲ್ಲಿ ಯಾರು ಸಿಕ್ಕಿಹಾಕಿಕೊಂಡರೂ ಓಡಬೇಕು. ಮನೆಯಲ್ಲಿ ಸಿಕ್ಕಿಹಾಕಿಕೊಂಡವರ ಫೋನು ಮಾತ್ರ ಅವರಿಗೆ ಸಿಗುತ್ತಿರಲಿಲ್ಲ.

ಆಸ್ಪತ್ರೆಯವರದೇ ಒಂದು ಹಗಲು ಕೇಂದ್ರ ಇದೆ ಎಂದು ಆ ನಡುವೆ ಗೊತ್ತಾಯಿತು. ಬೆಳಿಗ್ಗೆ ಬಿಟ್ಟು ಬಂದರೆ ಸಂಜೆಯವರೆಗೆ ನೋಡಿಕೊಳ್ಳುತ್ತಾರೆ, ಆಟ ಆಡಿಸುತ್ತಾರೆ, ಹಾಡಿಸುತ್ತಾರೆ. ವಾರಕ್ಕೆ ಮೂರು ದಿನ. ಮೂರು ದಿನ ಎಂದರೆ ನನಗೆ ಮೂರು ಹಗಲು. ಬಾಗಿಲು ಹಾಕಿಕೊಂಡು ಮಲಗುತ್ತೇನೆ, ಯಾರಿಗೂ ಏನನ್ನೂ ಎರಡನೇ ಸಲ ಹೇಳುವುದಿಲ್ಲ, ಇಷ್ಟೇ ನನ್ನ ಆಸೆ. ಆ ಆಸೆಯನ್ನು ಮಡಿಲಲ್ಲಿ ಕಟ್ಟಿಕೊಂಡೇ ಮರುತಪಾಸಣೆಗೆ ಹೋದದ್ದು.

ಅತ್ತೆ ಅವತ್ತು ಬಾಣದ ಹಾಗೆ ಉತ್ತರ ಬಿಟ್ಟರು. ಐದಕ್ಕೆ ಐದು ಪದ. ಏಳರ ಮಗ್ಗಿ ಒಂದೇ ಉಸಿರಿಗೆ. ಪ್ರಾಣಿಗಳು ಸಾಲಾಗಿ ನಿಂತವು. ಗಡಿಯಾರ ಅಂಗಡಿಯಿಂದ ತಂದ ಹಾಗಿತ್ತು. ಪಕ್ಕದಲ್ಲಿ ಕೂತಿದ್ದ ನನ್ನ ಗಂಡನ ಮುಖ ಊರಗಲವಾಯಿತು. ಡಾಕ್ಟರಮ್ಮನೂ ಕನ್ನಡಕ ತೆಗೆದು ಒರೆಸಿಕೊಂಡು, "ನಂಬೋಕೇ ಆಗ್ತಿಲ್ಲ, ತುಂಬ ಚೆನ್ನಾಗಿದಾರೆ. ಏನು ಮಾಡಿಸಿದ್ರಿ ಮನೇಲಿ?" ಎಂದು ಕೇಳಿದರು.

"ದಿನಾ ಎಕ್ಸರ್‌ಸೈಜ್ ಮಾಡಿಸ್ತೀನಿ ಡಾಕ್ಟ್ರೇ" ಅಂದೆ. ಸುಳ್ಳೇನೂ ಅಲ್ಲವಲ್ಲ.

ಅದೇ ಉಸಿರಿನಲ್ಲಿ ಹಗಲು ಕೇಂದ್ರದ ಮಾತೆತ್ತಿದೆ. ಡಾಕ್ಟರಮ್ಮ ತಲೆ ಅಲ್ಲಾಡಿಸಿದರು. "ಅಲ್ಲಿ ಸೀಟು ಕಡಿಮೆ ನೋಡಿ. ಇಷ್ಟಕ್ಕಿಂತ ಕಡಿಮೆ ಮಾರ್ಕ್ಸ್ ಬಂದವರಿಗೆ ಮಾತ್ರ ಕೊಡ್ತೀವಿ. ಇವರಿಗೆ ಈಗ ಅಗತ್ಯ ಇಲ್ಲ. ನೀವು ಇಷ್ಟು ಚೆನ್ನಾಗಿ ನೋಡ್ಕೊಳ್ತಿದೀರಲ್ಲ, ಇದನ್ನೇ ಮುಂದುವರಿಸಿ."

ಫೇಲಾದವರಿಗೆ ಸೀಟು ಕೊಡುವ ಜಾಗ ಇಡೀ ಪ್ರಪಂಚದಲ್ಲಿ ಒಂದೇ ಒಂದು ಇತ್ತು, ಅಲ್ಲಿಗೂ ನಾನು ಡಿಸ್ಟಿಂಕ್ಷನ್ ಕೊಡಿಸಿಕೊಂಡು ಹೋಗಿದ್ದೆ. ಮನೆಯಲ್ಲಿ ಹೀಗಲ್ಲ ಡಾಕ್ಟ್ರೇ, ಬಚ್ಚಲಿನ ದಾರಿ ಕೇಳ್ತಾರೆ, ಮೇಲಿನ ಮನೆಗೆ ಹೋಗಿ ಕೂರ್ತಾರೆ ಎಂದು ಹೇಳಿದೆ. ಅವರು ಹಾಳೆಯನ್ನೇ ನೋಡುತ್ತಾ, ವಯಸ್ಸಾದವರಿಗೆ ಒಮ್ಮೊಮ್ಮೆ ಹಾಗಾಗುತ್ತದೆ ಎಂದರು. ಪ್ರಶ್ನೆ ಉತ್ತರ ಎಲ್ಲ ನಾನೇ ಕಲಿಸಿದ್ದು ಎಂದು ಹೇಳಬಹುದಿತ್ತು. ಗಂಡ ಪಕ್ಕದಲ್ಲಿ ಹಿಗ್ಗಿ ಕೂತಿದ್ದರು, ಅತ್ತೆ ಎಳೆಯ ಹುಡುಗಿಯ ಹಾಗೆ ನಗುತ್ತಿದ್ದರು, ನನಗೆ ಬಾಯಿ ಬರಲಿಲ್ಲ.

ಅವತ್ತು ಸಂಜೆ ಗಂಡ ಸಿಹಿ ತಂದರು. ನಾದಿನಿಗೆ ಫೋನ್ ಹೋಯಿತು. ಅವಳು ಊರಿನ ಇನ್ನೊಂದು ಕೊನೆಯಲ್ಲಿದ್ದಾಳೆ, ದೂರದ ಬೆಟ್ಟ ನುಣ್ಣಗೆ. "ನಾನು ಹೇಳ್ಲಿಲ್ವಾ ಅತ್ತಿಗೆ, ಅಮ್ಮನಿಗೆ ಏನೂ ಆಗಿಲ್ಲ ಅಂತ. ನನ್ನ ಹತ್ರ ಫೋನಲ್ಲಿ ಎಷ್ಟು ಚೆನ್ನಾಗಿ ಮಾತಾಡ್ತಾರೆ. ನೀವೇ ಸುಮ್ನೆ ತಲೆ ಕೆಡಿಸ್ಕೊಂಡಿದೀರ" ಎಂದಳು. ನಾನು ಫೋನು ಹಿಡಿದುಕೊಂಡೇ ನೋಡುತ್ತಿದ್ದೆ, ಅತ್ತೆ ಸಿಹಿಯ ಪೊಟ್ಟಣವನ್ನು ಬಟ್ಟೆಯ ಕಪಾಟಿನಲ್ಲಿ ಸೀರೆಗಳ ಅಡಿಗೆ ಸೇರಿಸುತ್ತಿದ್ದರು.

ಮಾಡಿದ್ದುಣ್ಣೋ ಮಹರಾಯ. ಪಾಠ ನಿಲ್ಲಿಸಿಬಿಡೋಣ ಎಂದುಕೊಂಡೆ. ಮರೆತುಹೋದರೆ ಮರೆತುಹೋಗಲಿ, ಮುಂದಿನ ಸಲ ಇದ್ದದ್ದು ಇದ್ದಂತೆ ಕಾಣಲಿ. ಮರುದಿನ ಅದೇ ಹೊತ್ತಿಗೆ ಅತ್ತೆ ಮೇಜಿನ ಮುಂದೆ ಬಂದು ಕೂತು, ಪೆನ್ಸಿಲ್ಲನ್ನು ನೆಟ್ಟಗೆ ಇಟ್ಟುಕೊಂಡು ಕಾದರು. ನಾನು ಅಡುಗೆಮನೆಯಿಂದ ಬರಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಅವರೇ ಎದ್ದು ಬಂದು ಬಾಗಿಲಲ್ಲಿ ನಿಂತರು.

"ಇವತ್ತು ಪಾಠ ಇಲ್ವಾ?"

"ಇವತ್ತು ರಜಾ ಅತ್ತೆ."

"ಯಾರು ಕೊಟ್ಟಿದ್ದು ರಜಾ? ನನಗೆ ಗೊತ್ತಿಲ್ದೆ?" ಎಂದರು. ಆಮೇಲೆ ಮುಖ ಸಣ್ಣದಾಯಿತು. "ನಾನೇನಾದ್ರೂ ತಪ್ಪು ಮಾಡಿದ್ನಾ?"

ಕೈ ಒರೆಸಿಕೊಂಡು ಹೋಗಿ ಕೂತೆ. ಕೊಡೆ, ನಿಂಬೆ, ಏಣಿ.

ಒಂದು ದಿನ ಕೆಟ್ಟ ಬುದ್ಧಿಯೂ ಬಂತು. ಪಾಠ ನಿಲ್ಲಿಸಲಾಗದಿದ್ದರೆ ತಪ್ಪಾಗಿ ಕಲಿಸಬಹುದಲ್ಲ. ರಾತ್ರಿಯೆಲ್ಲ ಅತ್ತೆ ಎದ್ದೆದ್ದು ಬಾಗಿಲ ಚಿಲಕ ನೋಡಿದ್ದರು, ನನಗೆ ನಿದ್ದೆ ಇರಲಿಲ್ಲ, ತಲೆ ಸಿಡಿಯುತ್ತಿತ್ತು. "ನೂರರಲ್ಲಿ ಏಳು ಹೋದ್ರೆ ತೊಂಬತ್ತೆರಡು, ಎಲ್ಲಿ ಹೇಳಿ" ಅಂದೆ. ಅತ್ತೆ ನನ್ನ ಮುಖವನ್ನೇ ನೋಡಿದರು. ಸಿಟ್ಟು ಮಾಡುತ್ತಾರೆ ಎಂದುಕೊಂಡೆ. ಕೈ ಚಾಚಿ ನನ್ನ ಹಣೆ ಮುಟ್ಟಿ ನೋಡಿದರು.

"ತೊಂಬತ್ಮೂರು ಕಣೆ. ತುಂಬ ದಣಿದಿದೀಯ ನೀನು. ಹೋಗಿ ಮಲಕ್ಕೋ, ನಾನು ಮಕ್ಕಳನ್ನ ನೋಡ್ಕೋತೀನಿ."

ಹಾಗೆಂದವರು ಯಾವ ಮಕ್ಕಳನ್ನೂ ನೋಡಿಕೊಳ್ಳುವ ಸ್ಥಿತಿಯಲ್ಲಿರಲಿಲ್ಲ. ಆದರೂ ಆ ಮನೆಗೆ ಬಂದಾಗಿನಿಂದ ನನಗೆ ಹೋಗಿ ಮಲಕ್ಕೋ ಎಂದವರು ಯಾರೂ ಇರಲಿಲ್ಲ. ಮತ್ತೆ ತಪ್ಪು ಕಲಿಸುವ ಯೋಚನೆ ಮಾಡಲಿಲ್ಲ.

ಮಕ್ಕಳನ್ನು ನೋಡಿಕೊಳ್ಳುವ ಆ ಮಾತು ಅವರ ತಲೆಯಲ್ಲಿ ಎಲ್ಲೋ ಉಳಿದುಬಿಟ್ಟಿತ್ತೋ ಏನೋ. ಒಂದು ಸಂಜೆ ಟ್ಯೂಷನ್ ಮಕ್ಕಳಿಗೆ ಟೆಸ್ಟ್ ಕೊಟ್ಟು, ಹಾಲು ತರಲು ಕೆಳಗಿನ ಅಂಗಡಿಗೆ ಇಳಿದೆ. ಅಂಗಡಿಯಲ್ಲಿ ಚಿಲ್ಲರೆಗೆ ಕಾಯಬೇಕಾಯಿತು. ವಾಪಸ್ ಬರುವಾಗ ಮೆಟ್ಟಿಲ ಮೇಲೆಯೇ ಮಕ್ಕಳು ಬಾಗಿಲು ಬಡಿಯುವ ಸದ್ದು ಕೇಳಿತು. ಪಾಠದ ಕೋಣೆಗೆ ಹೊರಗಿನಿಂದ ಚಿಲಕ ಬಿದ್ದಿತ್ತು. ತೆಗೆದರೆ ಚಿಕ್ಕ ಹುಡುಗಿಯೊಬ್ಬಳು ಅತ್ತೂ ಅತ್ತೂ ವಾಂತಿ ಮಾಡಿಕೊಂಡಿದ್ದಳು. ದೊಡ್ಡ ಟೀಚರ್ ಬಂದು ಎಲ್ಲರ ಫೋನು ತೆಗೆದುಕೊಂಡು, ಪರೀಕ್ಷೆ ಮುಗಿಯುವವರೆಗೆ ಯಾರೂ ಹೊರಗೆ ಹೋಗುವಂತಿಲ್ಲ ಎಂದು ಚಿಲಕ ಹಾಕಿ ಹೋದರಂತೆ.

ಮನೆಯ ಬಾಗಿಲು ಹಾರು ಹೊಡೆದಿತ್ತು. ಅತ್ತೆ ಇರಲಿಲ್ಲ.

ಮಕ್ಕಳನ್ನು ಮೇಲಿನ ಮನೆಯವರಿಗೆ ಒಪ್ಪಿಸಿ ಬೀದಿಗೆ ಓಡಿದೆ. ಔಷಧಿ ಅಂಗಡಿ, ಸಲೂನು, ಸೈಕಲ್ ರಿಪೇರಿಯವನು, ಎಲ್ಲರನ್ನೂ ಕೇಳಿದೆ. ಕೊನೆಗೆ ಬಸ್ ಸ್ಟಾಪಿನಲ್ಲಿ ಸಿಕ್ಕರು. ಬೆಂಚಿನ ಮೇಲೆ ಕಾಲು ಜೋಡಿಸಿಕೊಂಡು ಕೂತಿದ್ದರು. ಮಡಿಲಲ್ಲಿ ತರಕಾರಿ ಚೀಲ, ಚೀಲದೊಳಗೆ ಮಕ್ಕಳ ಫೋನುಗಳು ಒಂದಾದ ಮೇಲೊಂದು ರಿಂಗಾಗುತ್ತಿದ್ದವು. ಗಾಬರಿಯಾದ ತಂದೆ ತಾಯಂದಿರು ಇರಬೇಕು. ಅತ್ತೆ ಚೀಲವನ್ನು ಎರಡೂ ಕೈಯಿಂದ ಅಮುಕಿ ಹಿಡಿದು, ಸುಮ್ಮನಿರಿ, ಸುಮ್ಮನಿರಿ ಎಂದು ಅದಕ್ಕೇ ಗದರುತ್ತಿದ್ದರು. ನನ್ನನ್ನು ಕಂಡು, "ಈ ಬೆಲ್ಲು ನಿಲ್ಲಿಸೋಕೆ ಬರ್ತಾ ಇಲ್ಲ ನನಗೆ" ಎಂದು ಅತ್ತರು.

ಆ ವಾರ ಟ್ಯೂಷನ್ ಕೋಣೆ ಅರ್ಧ ಖಾಲಿಯಾಯಿತು. ಯಾರನ್ನೂ ದೂರುವ ಹಾಗಿರಲಿಲ್ಲ. ನನ್ನ ಮಗಳಾಗಿದ್ದರೆ ನಾನೂ ಬಿಡಿಸುತ್ತಿದ್ದೆ.

"ಡಾಕ್ಟರಮ್ಮನಿಗೆ ಹೇಳಿಬಿಡ್ತೀನಿ" ಎಂದೆ ಗಂಡನಿಗೆ. "ಪ್ರಶ್ನೆಗಳನ್ನೆಲ್ಲ ನಾನೇ ಉರು ಹೊಡೆಸಿದ್ದು ಅಂತ."

ಅವರು ಬೂಟಿನ ದಾರ ಬಿಚ್ಚುತ್ತಿದ್ದವರು ಹಾಗೇ ಬಗ್ಗಿಕೊಂಡೇ ಇದ್ದರು. "ಇನ್ನೊಂದು ಸಲ ನೋಡೋಣ. ಪಾಸಾಗ್ತಿದಾರಲ್ಲ, ಅದನ್ನ ಯಾಕೆ ನಾವೇ ಹಾಳು ಮಾಡ್ಬೇಕು?"

"ಪಾಸಾಗ್ತಿರೋದು ಅವರಲ್ಲ ರೀ, ನಾನು. ನನಗೆ ಇನ್ನು ಓದೋ ಶಕ್ತಿ ಇಲ್ಲ."

ಅವರು ಇನ್ನೊಂದು ಬೂಟಿಗೆ ಕೈ ಹಾಕಿದರು. ಅವರಿಗೂ ಗೊತ್ತಿತ್ತು. ತಾಯಿ ಮರೆಯುತ್ತಿದ್ದಾರೆ ಎಂದು ಹಾಳೆಯ ಮೇಲೆ ಬರೆದುಬಿಟ್ಟರೆ ಅದು ನಿಜವಾಗಿಬಿಡುತ್ತದೆ ಎಂಬ ಹೆದರಿಕೆ ಆ ಮನುಷ್ಯನಿಗೆ. ಅವರ ಮೇಲೆ ಸಿಟ್ಟೂ ಬಂತು, ಪಾಪ ಅಂತಲೂ ಅನಿಸಿತು.

ಎರಡನೇ ಮರುತಪಾಸಣೆಯ ದಿನ, ಹೇಳಿಯೇ ತೀರುವುದು ಎಂದು ಗಟ್ಟಿ ಮನಸ್ಸು ಮಾಡಿಕೊಂಡು ಹೋದೆ. ಅದೇ ಮೇಜು, ಅದೇ ಹಾಳೆ. ಡಾಕ್ಟರಮ್ಮ ಕುರ್ಚಿ ಎಳೆದುಕೊಂಡು, "ಅಮ್ಮಾ, ಈಗ ಐದು ಪದ ಹೇಳ್ತೀನಿ, ನೆನಪಿಟ್ಕೊಳ್ಳಿ" ಎಂದರು. ನಾನು ಬಾಯಿ ತೆರೆಯುವಷ್ಟರಲ್ಲಿ ಅತ್ತೆಯೇ ತೆರೆದರು.

"ಕೊಡೆ, ನಿಂಬೆ, ಏಣಿ, ಕುದುರೆ, ನೀಲಿ."

ಡಾಕ್ಟರಮ್ಮನ ಪೆನ್ನು ಅಲ್ಲೇ ನಿಂತಿತು. "ನಾನಿನ್ನೂ ಹೇಳೇ ಇಲ್ಲವಲ್ಲ ಅಮ್ಮಾ."

ಅತ್ತೆಯ ನಗು ಮಾಯವಾಯಿತು. ಡಾಕ್ಟರಮ್ಮನ ಮುಖ ನೋಡಿದರು, ಹಾಳೆ ನೋಡಿದರು. ಆಮೇಲೆ ಬೆರಳಿನಿಂದ ಹಾಳೆಯನ್ನು ತಮ್ಮ ಕಡೆಗೆ ತಿರುಗಿಸಿಕೊಂಡು, ಮೇಲಿನಿಂದ ಕೆಳಗಿನವರೆಗೆ ನಿಧಾನವಾಗಿ ಕಣ್ಣಾಡಿಸಿದರು. ಎದ್ದು ನಿಂತರು. ಬಾಗಿದ್ದ ಬೆನ್ನು ಎಲ್ಲಿ ಹೋಯಿತೋ, ನಾನು ಮದುವೆಯಾಗಿ ಬಂದಾಗ ಕಂಡಿದ್ದ ಹೆಂಗಸು ಅಲ್ಲಿ ನಿಂತಿದ್ದಳು.

"ಈ ಪೇಪರ್ ಹೊರಗೆ ಹೋಗಿದೆ" ಎಂದರು. "ಇದನ್ನ ನಾನು ಮೊದಲೇ ನೋಡಿದೀನಿ. ಎಲ್ಲಾದಕ್ಕೂ ಉತ್ತರ ಗೊತ್ತು ನನಗೆ. ಈ ಪರೀಕ್ಷೆ ನಡೆಯೋ ಹಾಗಿಲ್ಲ."

"ಪರವಾಗಿಲ್ಲ ಅಮ್ಮಾ, ಕೂತ್ಕೊಳ್ಳಿ."

"ಹೇಗೆ ಪರವಾಗಿಲ್ಲ? ಹಿಂದಿನ ಸಲ ಬಂದಿದ್ದ ಮಾರ್ಕ್ಸೂ ಲೆಕ್ಕಕ್ಕಿಲ್ಲ ಹಾಗಾದ್ರೆ. ಅದನ್ನೂ ಹೊಡೆದು ಹಾಕಿ." ನನ್ನ ಕಡೆ ತಿರುಗಿದರು. "ಇವಳು ಟ್ಯೂಷನ್ ಮಾಡ್ತಾಳೆ. ಟ್ಯೂಷನ್‌ನವರ ಕೆಲಸ ಹೀಗೇನೆ."

ಕತ್ತು ಹಿಡಿದು ನೆಲದೊಳಗೆ ತುರುಕಿದ ಹಾಗಾಯಿತು ನನಗೆ. ಹೌದು ಡಾಕ್ಟ್ರೇ, ಅಂದೆ. ಎಲ್ಲ ಹೇಳಿದೆ. ಹಾಳೆ ನೋಡಿಕೊಂಡದ್ದು, ಮಗ್ಗಿ ಮಾಡಿದ್ದು, ಪ್ರಾಣಿಗಳನ್ನು ಸಾಲು ಹಿಡಿಸಿದ್ದು. ನನ್ನ ಗಂಡ ಗೋಡೆಯ ಮೇಲಿದ್ದ ಬೆನ್ನುಮೂಳೆಯ ಚಿತ್ರವನ್ನು ಓದುತ್ತಾ ಕೂತಿದ್ದರು. ಡಾಕ್ಟರಮ್ಮ ಬೈಯಲಿಲ್ಲ. ಒಂದು ನಿಟ್ಟುಸಿರು ಬಿಟ್ಟು, ತಲೆಗೆ ವ್ಯಾಯಾಮ ಅಂದ್ರೆ ಬರದೇ ಇರೋದನ್ನ ಹುಡುಕಾಡಿಸೋದು, ಬರೋದನ್ನ ಹೇಳಿಸೋದಲ್ಲ ಎಂದಷ್ಟೇ ಹೇಳಿ, ಡ್ರಾಯರ್‌ನಿಂದ ಬೇರೊಂದು ಹಾಳೆ ತೆಗೆದರು.

ಹೊಸ ಪೇಪರ್ ಎಂದ ಕೂಡಲೇ ಅತ್ತೆ ಸಮಾಧಾನವಾಗಿ ಕೂತರು. ನನಗೆ ಕೈ ತೋರಿಸಿ, "ನೀನು ಆ ಕಡೆ ಮುಖ ಮಾಡ್ಕೊ" ಎಂದರು. ನಾನು ಕಿಟಕಿಯ ಕಡೆ ತಿರುಗಿ ಕೂತೆ.

ಕಿಟಕಿಯ ಹೊರಗೆ ಯಾರೋ ಕಾರು ತೊಳೆಯುತ್ತಿದ್ದರು. ಹಿಂದಿನಿಂದ ಡಾಕ್ಟರಮ್ಮನ ದನಿ. ಹೊಸ ಐದು ಪದ. ಅತ್ತೆ ಅವನ್ನು ಒಂದೊಂದಾಗಿ ಹೇಳಿದರು. ಐವತ್ತರಿಂದ ಮೂರು ಮೂರು ಕಳೆಯಿರಿ. ಅತ್ತೆ ನಲವತ್ತೇಳು ಎಂದರು. ಆಮೇಲೆ ಬಹಳ ಹೊತ್ತು ಏನೂ ಇಲ್ಲ. ನನ್ನ ನಾಲಿಗೆ ತಾನಾಗಿ ಹಲ್ಲಿಗೆ ತಾಗಿ ನಲವತ್ತನಾಲ್ಕು ಎನ್ನುತ್ತಿತ್ತು, ತುಟಿ ಕಚ್ಚಿ ಹಿಡಿದೆ. ಏಳೂವರೆ ತೋರಿಸುವ ಗಡಿಯಾರ ಬರೆಯಿರಿ. ಪೆನ್ಸಿಲ್ಲು ಕಾಗದದ ಮೇಲೆ ಓಡಿತು, ನಿಂತಿತು, ಮತ್ತೆ ಸ್ವಲ್ಪ ಓಡಿತು. ಈಗ ಆ ಐದು ಪದ ಹೇಳಿ ಅಮ್ಮಾ.

"ಕೊಡೆ" ಎಂದರು ಅತ್ತೆ. ತಕ್ಷಣ, "ಅಲ್ಲ, ಅದು ಹಳೇ ಪೇಪರಿಂದು. ಅದನ್ನ ಹೇಳಬಾರದು" ಎಂದು ತಾವೇ ತಿದ್ದಿಕೊಂಡರು. ಆಮೇಲೆ ಒಂದೂ ಬರಲಿಲ್ಲ.

ಪೆನ್ಸಿಲ್ಲು ಮೇಜಿನ ಮೇಲೆ ಇಟ್ಟ ಸದ್ದು ಕೇಳಿ ನಾನು ತಿರುಗಿದೆ. ಅತ್ತೆ ಹಾಳೆಯನ್ನು ಡಾಕ್ಟರಮ್ಮನ ಕಡೆ ಸರಿಸಿದ್ದರು. ಗಡಿಯಾರದ ಅಂಕಿಗಳೆಲ್ಲ ಒಂದೇ ಬದಿಗೆ ಸರಿದು, ಒಂದರ ಮೇಲೊಂದು ಕೂತಿದ್ದವು. ಮುಳ್ಳುಗಳೇ ಇರಲಿಲ್ಲ.

"ಎಷ್ಟು ಬಂತು?"

"ಪರವಾಗಿಲ್ಲ ಅಮ್ಮಾ, ನೀವು ಪ್ರಯತ್ನ ಪಟ್ರಲ್ಲ."

"ಪಾಸೋ ಫೇಲೋ, ಅಷ್ಟು ಹೇಳಮ್ಮ."

ಡಾಕ್ಟರಮ್ಮ ನನ್ನ ಗಂಡನನ್ನು ನೋಡಿದರು. ಅವರು ಈಗಲೂ ಬೆನ್ನುಮೂಳೆಯನ್ನೇ ನೋಡುತ್ತಿದ್ದರು, ಕಣ್ಣು ತುಂಬಿಕೊಂಡಿತ್ತು. "ಪಾಸಾಗಲಿಲ್ಲ ಅಮ್ಮಾ" ಎಂದರು ಡಾಕ್ಟರಮ್ಮ.

ಅತ್ತೆ ತಲೆ ಆಡಿಸಿದರು. ಬೇಸರವಾದ ಹಾಗೆ ಕಾಣಲಿಲ್ಲ, ಸರಿಯಾದ ತೀರ್ಪನ್ನು ಒಪ್ಪಿಕೊಂಡ ಹಾಗಿತ್ತು. ಎದ್ದು ಸೆರಗು ಸರಿಮಾಡಿಕೊಂಡು, "ಆ ಹುಡುಗಿಯನ್ನ ಏನೂ ಅನ್ಬೇಡಿ" ಎಂದು ನನ್ನ ಕಡೆ ಕೈ ತೋರಿದರು. "ಅವಳು ಬಹಳ ಕಷ್ಟಪಟ್ಟು ಹೇಳಿಕೊಟ್ಟಿದಾಳೆ. ನನ್ನ ತಲೆಗೇ ಹತ್ತಲಿಲ್ಲ."

ಸೀಟು ಸಿಕ್ಕಿತು. ವಾರಕ್ಕೆ ಮೂರು ದಿನ. ನಾನು ಇಷ್ಟು ದಿನ ಹಂಬಲಿಸಿದ್ದು ಕೈಗೆ ಬಂದಾಗ, ಎಲ್ಲಿಂದಲೋ ಕದ್ದು ತಂದ ಹಾಗೆ ಅನಿಸಿತು.

ಮೊದಲ ದಿನ ಬೆಳಿಗ್ಗೆ ಅತ್ತೆಯನ್ನು ಕೇಂದ್ರಕ್ಕೆ ಬಿಟ್ಟೆ. ಅಲ್ಲಿನ ಆಯಾ ಅವರ ಕೈ ಹಿಡಿದು ಒಳಗೆ ಕರೆದುಕೊಂಡು ಹೋದಳು. ಒಳಗೆ ಯಾರೋ ಚೆಂಡು ಉರುಳಿಸುತ್ತಿದ್ದರು, ಯಾರೋ ಹಾಡುತ್ತಿದ್ದರು. ಅತ್ತೆ ತಿರುಗಿಯೂ ನೋಡಲಿಲ್ಲ. ಸಂಜೆ ನಾನೇ ಬಂದು ಕರೆದುಕೊಂಡು ಹೋಗುತ್ತೇನೆ ಎಂದು ಆಯಾಗೆ ಹೇಳಿ ಮನೆಗೆ ಬಂದೆ. ಅವತ್ತಿನ ಟ್ಯೂಷನ್‌ಗೂ ರಜಾ ಕೊಟ್ಟಿದ್ದೆ, ಬಾಗಿಲು ಹಾಕಿದೆ. ಎಷ್ಟೋ ತಿಂಗಳಿನಿಂದ ಕನಸು ಕಂಡ ಹಾಗೆಯೇ, ಫೋನನ್ನು ಅಡುಗೆಮನೆಯಲ್ಲಿ ಬಿಟ್ಟು, ಹಾಸಿಗೆಯ ಮೇಲೆ ಬಿದ್ದುಕೊಂಡೆ. ಐದು ನಿಮಿಷ ಅಳು ಬಂತು. ಆಮೇಲೆ ಹೆಣದ ಹಾಗೆ ನಿದ್ದೆ ಮಾಡಿದೆ.

ಎಚ್ಚರವಾದಾಗ ಕೋಣೆಯಲ್ಲಿ ಬೆಳಕಿರಲಿಲ್ಲ. ಎದ್ದು ನೀರು ಕುಡಿದೆ. ದೀಪ ಹಾಕಿದೆ. ಟೀಗೆ ನೀರಿಟ್ಟೆ. ಮನೆ ಎಷ್ಟು ನಿಶ್ಶಬ್ದವಾಗಿದೆ, ಎಷ್ಟು ಹಾಯಾಗಿದೆ ಎಂದುಕೊಂಡೆ. ನೀರು ಕುದಿಯಿತು, ಟೀ ಸೋಸಿದೆ, ಕಿಟಕಿಯ ಹತ್ತಿರ ನಿಂತು ಅರ್ಧ ಲೋಟ ಕುಡಿದೆ. ಅಲ್ಲಿಯವರೆಗೂ, ನಿಜ ಹೇಳುತ್ತೇನೆ, ನಮ್ಮ ಮನೆಯಲ್ಲಿ ಅತ್ತೆ ಎಂಬವರೊಬ್ಬರಿದ್ದಾರೆ ಎಂಬುದೇ ನನ್ನ ತಲೆಯಲ್ಲಿರಲಿಲ್ಲ.

ನೆನಪಾದಾಗ ಲೋಟ ಹಾಗೇ ಬಿಟ್ಟು ಓಡಿದೆ. ಚಪ್ಪಲಿ ಬೇರೆ ಬೇರೆ ಜೊತೆಯದು ಹಾಕಿಕೊಂಡಿದ್ದೇನೆ ಎಂಬುದು ಆಟೋದಲ್ಲಿ ಕೂತಾಗ ಗೊತ್ತಾಯಿತು. ಕೇಂದ್ರದ ದೀಪಗಳು ಆರಿದ್ದವು, ಬಾಗಿಲಲ್ಲಿದ್ದ ಒಂದು ಮಾತ್ರ ಉರಿಯುತ್ತಿತ್ತು. ಅದರ ಕೆಳಗೆ ಬೆಂಚಿನ ಮೇಲೆ ಅತ್ತೆ ಕೂತಿದ್ದರು. ಪಕ್ಕದಲ್ಲಿ ಆಯಾ, ಹೆಗಲಿಗೆ ಬ್ಯಾಗು ಹಾಕಿಕೊಂಡು ಮನೆಗೆ ಹೊರಡಲು ಸಿದ್ಧವಾಗಿ ನಿಂತಿದ್ದಳು. ಎಷ್ಟು ಸಲ ಫೋನ್ ಮಾಡಿದೆವು ಗೊತ್ತಾ ಎಂದಳು. ಅವಳ ಮುಖ ನೋಡುವ ಧೈರ್ಯ ನನಗಿರಲಿಲ್ಲ.

ಅತ್ತೆಯ ಮುಂದೆ ಕುಕ್ಕರಿಸಿ ಕೂತೆ. "ಮರೆತುಹೋಯ್ತು ಅತ್ತೆ" ಎಂದೆ. "ನಿಮ್ಮನ್ನ ಮರೆತೇಬಿಟ್ಟಿದ್ದೆ."

ಅತ್ತೆ ನನ್ನ ಮುಖವನ್ನು ಸ್ವಲ್ಪ ಹೊತ್ತು ಹುಡುಕಿದರು. ಯಾರು ಎಂದು ಸಿಗಲಿಲ್ಲ ಎಂಬುದು ನನಗೆ ಕಂಡಿತು. ಆದರೂ ಗಾಬರಿಯಾಗಲಿಲ್ಲ ಅವರಿಗೆ.

"ಇವರು ಕೇಳ್ತಾನೇ ಇದ್ರು, ನಿಮ್ಮನ್ನ ಕರ್ಕೊಂಡು ಹೋಗೋಕೆ ಯಾರು ಬರ್ತಾರೆ ಅಂತ" ಎಂದರು. "ಹೆಸರು ಬರಲಿಲ್ಲ ನನಗೆ. ಒಬ್ಬಳು ಇದಾಳೆ, ಬಂದೇ ಬರ್ತಾಳೆ ಅಂತ ಹೇಳ್ದೆ."

ಎದ್ದು ನಿಲ್ಲಲು ಕೈ ಚಾಚಿದರು. ನನಗೆ ಎದ್ದೇಳಲು ಸ್ವಲ್ಪ ಹೊತ್ತು ಬೇಕಾಯಿತು.